ನಂಜಪ್ಪನ ಕೊಬ್ಬು

ದೊಡ್ಡನೆಕ್ಕುಂದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಗಂಡಸಿಗೆ ಹಾಲಿನ ಬೂತಿನ ಮುಂದೆ ನಿಂತು ಮಾತಾಡುವ ಅರ್ಹತೆಯೇ ಇಲ್ಲ. ಹೊಲಗಳೆಲ್ಲ ಕಂಪನಿಗಳ ಕಾಂಪೌಂಡಿನೊಳಗೆ ಸೇರಿಹೋದ ಮೇಲೆ ಮಳೆ ಬೆಳೆಯ ಮಾತಾಡಿ ಪ್ರಯೋಜನವೇನು? ಬೆಳಿಗ್ಗೆ ನಾಲ್ಕು ಜನ ಮನೆ ಮಾಲೀಕರು ಸೇರಿದರೆ ಕೇಳುವುದು ಒಂದೇ ಮಾತು. "ನಿಂದೆಷ್ಟು?" "ಇನ್ನೂರ ಹತ್ತು." "ನಂದು ಇನ್ನೂರ ಅರವತ್ತು." ಹೆಚ್ಚು ಇದ್ದವನ ಮಾತಿಗೆ ತೂಕವೂ ಹೆಚ್ಚು. ನಂಜಪ್ಪ ವರ್ಷಗಟ್ಟಲೆ ಆ ಗುಂಪಿನ ಅಂಚಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದ. ಕಡೆಗೂ ದೇವರು ಕಣ್ಣು ಬಿಟ್ಟ. ಅವನಿಗೂ ಸಕ್ಕರೆ ಬಂತು.

ಬಂದ ಕಾಯಿಲೆಯನ್ನು ಸುಮ್ಮನೆ ಮಾತ್ರೆ ನುಂಗಿ ಕಳೆಯುವ ಆಸಾಮಿ ನಂಜಪ್ಪ ಅಲ್ಲ. ಅವನ ಮನೆಯ ಎರಡನೇ ಮಹಡಿಯಲ್ಲಿ ವಿಶ್ವನಾಥ್ ಅಂತ ಒಬ್ಬ ಬಾಡಿಗೆದಾರನಿದ್ದ. ದಾವಣಗೆರೆ ಕಡೆಯ ಹುಡುಗ, ರಿಂಗ್ ರೋಡಿನ ಕಂಪನಿಯಲ್ಲಿ ಕೆಲಸ. ಅನ್ನ, ರೊಟ್ಟಿ, ಸಕ್ಕರೆ ಎಲ್ಲ ಬಿಟ್ಟು ಹೊಟ್ಟೆ ಇಳಿಸಿಕೊಂಡಿದ್ದ. ಬೆಣ್ಣೆ ದೋಸೆಯ ಊರಿನಲ್ಲಿ ಹುಟ್ಟಿ, ದೋಸೆಯನ್ನು ತ್ಯಜಿಸಿ ಬೆಣ್ಣೆಯನ್ನು ಮಾತ್ರ ಉಳಿಸಿಕೊಂಡ ಮಹಾತ್ಮ. "ಅಂಕಲ್, ಲೋ ಕಾರ್ಬ್ ಮಾಡ್ರಿ. ಒಂದೆರಡು ಚಮಚ ತುಪ್ಪ, ಬೆಣ್ಣಿ ಹೊಟ್ಟಿಗೆ ಹೋದ್ರ ಏನೂ ಆಗಂಗಿಲ್ಲ" ಅಂತ ಅವನು ಹೇಳಿದ. ನಂಜಪ್ಪ "ಒಂದೆರಡು ಚಮಚ" ಅನ್ನುವುದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ನೆನಪಿಟ್ಟುಕೊಂಡ.

ಸಂಕ್ರಾಂತಿಯಿಂದ ಅವನ ಮನೆಯಲ್ಲಿ ಮುದ್ದೆ ಬಂದ್. ಬೆಳಿಗ್ಗೆ ಕಾಫಿಗೆ ತುಪ್ಪ, ಮಧ್ಯಾಹ್ನ ಮಟನ್, ಸಂಜೆ ಬೆಣ್ಣೆಯಲ್ಲಿ ಹುರಿದ ಮೊಟ್ಟೆ. ಹಾಲಿನ ಬೂತಿನಲ್ಲಿ ಈಗ ಅವನದೇ ದರ್ಬಾರು. "ಲೋ ಕಾರ್ಬು" ಅಂದರೆ, "ಲೋ ಕಾರಾ? ಯಾವ ಕಂಪ್ನೀದು ನಂಜಪ್ಪ, ಮೈಲೇಜ್ ಎಷ್ಟು ಕೊಡ್ತದೆ?" ಅಂತ ಕೇಳಿದವರಿಗೂ ಅವನು ಬೇಸರಿಸದೆ ಬೋಧನೆ ಮಾಡಿದ. ಹೆಂಡತಿ ಪಿಳ್ಳಮ್ಮ ಮಾತ್ರ ತನಗೂ ಮಗಳು ಯಮುನಾಳಿಗೂ ಅಂತ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕಳ್ಳತನದಿಂದ ಮುದ್ದೆ ತಿರುವುತ್ತಿದ್ದಳು.

ಬೋಧನೆ ಊರಿನಲ್ಲೇ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ, ವಾಡಿಕೆಯಂತೆ ನಂಜಪ್ಪ ಸಂಸಾರ ಸಮೇತ ಬೊಮ್ಮನಹಳ್ಳಿಯ ಅಕ್ಕನ ಮನೆಗೆ ಹೋದ. ಅಕ್ಕ ಅಶ್ವತ್ಥಮ್ಮ ಅವನಿಗಿಂತ ಬಹಳ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿಸಿ ಬೆಳೆಸಿದವಳು. ಅವಳ ಕೈಯ ಮುದ್ದೆಗೆ ಬೊಮ್ಮನಹಳ್ಳಿಯಲ್ಲೇ ಹೆಸರು. ಆ ದಿನ ತಮ್ಮನ ತಟ್ಟೆಗೆ ಎಲ್ಲರಿಗಿಂತ ದೊಡ್ಡ ಮುದ್ದೆ ಬಿತ್ತು.

"ಅಕ್ಕ, ಹಿಟ್ಟು ಬ್ಯಾಡ. ಬರೀ ಬಾಡು ಹಾಕು" ಎಂದ ನಂಜಪ್ಪ.

ಪಂಕ್ತಿಯಲ್ಲಿದ್ದವರೆಲ್ಲ ನುಂಗುವುದನ್ನು ನಿಲ್ಲಿಸಿದರು.

"ಯಾಕ್ಲಾ ನಂಜ? ಗಂಟು ಬಿದ್ದೈತಾ?" ಅಶ್ವತ್ಥಮ್ಮನ ದನಿ ಸಣ್ಣಗಾಯಿತು.

"ಗಂಟಲ್ಲ ಅಕ್ಕ. ಹಿಟ್ಟು ಅಂದ್ರೇನು? ಪೂರ್ತಿ ಕಾರ್ಬು. ಹೊಟ್ಟೆಗೋದ್ರೆ ಸಕ್ಕರೆ. ನೀನು ಇಷ್ಟು ವರ್ಸ ನಂಗೆ ಉಣ್ಸಿದ್ದು ಹಿಟ್ಟಲ್ಲ, ಸಕ್ಕರೆ ಉಂಡೆ. ಅದಕ್ಕೇ ನಂಗೀ ಕಾಯ್ಲೆ ಬಂದಿರಾದು."

ಅಶ್ವತ್ಥಮ್ಮ ಆ ಮುದ್ದೆಯನ್ನು ತಟ್ಟೆಯಿಂದ ಎತ್ತಿಕೊಂಡು ಒಳಗೆ ಹೋದವಳು ಊಟ ಮುಗಿಯುವ ತನಕ ಹೊರಗೆ ಬರಲಿಲ್ಲ. ಪಿಳ್ಳಮ್ಮ ಗಂಡನ ಕಡೆ ಕಣ್ಣು ಬಿಟ್ಟಳು, ಕೆಮ್ಮಿದಳು, ಕಾಲಿನಿಂದ ತಿವಿದಳು. ನಂಜಪ್ಪನಿಗೆ ಒಂದೂ ಗೊತ್ತಾಗಲಿಲ್ಲ. ಅವನು ನಾಲ್ಕನೇ ಸಲ ಬಾಡು ಬಡಿಸಿಕೊಳ್ಳುತ್ತಿದ್ದ.

ಅದಾದ ವಾರದೊಳಗೆ ರಕ್ತ ಪರೀಕ್ಷೆಯ ದಿನ ಬಂತು. ಲ್ಯಾಬಿನ ಹುಡುಗಿ ಫೋನಿನಲ್ಲಿ, "ಸಾರ್, ಫಾಸ್ಟಿಂಗಲ್ಲಿ ಬನ್ನಿ" ಅಂದಳು. "ಉಪವಾಸ ತಾನೆ? ಶ್ರಾವಣ ಶನಿವಾರ ವರ್ಸಾ ವರ್ಸಾ ಮಾಡ್ತೀನಮ್ಮ, ನಂಗೇ ಹೇಳ್ಕೊಡ್ತೀಯಾ?" ಎಂದು ನಂಜಪ್ಪ ನಕ್ಕ. ಅವರ ಮನೆಯಲ್ಲಿ ಉಪವಾಸಕ್ಕೆ ಒಂದು ಶಾಸ್ತ್ರವಿತ್ತು. ಅನ್ನ, ಮುದ್ದೆ ಮುಟ್ಟಬಾರದು. ಮಿಕ್ಕಿದ್ದು ಅವರವರ ಭಕ್ತಿ. ಅದರಂತೆ ನಂಜಪ್ಪ ಆ ಬೆಳಿಗ್ಗೆ ಅನ್ನ ಮುದ್ದೆಗಳ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ಲೋಟದ ತುಂಬ ತುಪ್ಪದ ಕಾಫಿ ಕುಡಿದ. ಇದು ದೇವರ ಉಪವಾಸವಲ್ಲ, ಲ್ಯಾಬಿನ ಉಪವಾಸ, ಆದ್ದರಿಂದ ಮೊಟ್ಟೆಗೆ ದೋಷವಿಲ್ಲ ಎಂದು ತೀರ್ಮಾನಿಸಿ ಬೆಣ್ಣೆಯಲ್ಲಿ ಹುರಿದ ನಾಲ್ಕು ಮೊಟ್ಟೆ ತಿಂದ. ಆಮೇಲೆ ವಿಭೂತಿ ಹಚ್ಚಿಕೊಂಡು ರಕ್ತ ಕೊಟ್ಟು ಬಂದ.

ಸಂಜೆ ರಿಪೋರ್ಟು ಫೋನಿಗೆ ಬಂತು. ಅರ್ಧಕ್ಕರ್ಧ ಕೆಂಪು ಅಕ್ಷರ. ವಿಶ್ವನಾಥ್ ಆಫೀಸಿನಿಂದ ಬಂದವನು ಮೆಟ್ಟಿಲಲ್ಲೇ ನಿಂತು ಓದಿದ. ಇಲ್ಲಿ ಒಂದು ಮಾತು ಹೇಳಬೇಕು. ಆ ಹುಡುಗ ದಿನವಿಡೀ ಇಂಗ್ಲಿಷಿನಲ್ಲಿ ಮಾತಾಡುವವನು, ಈ ವಿಷಯವನ್ನೂ ಇಂಗ್ಲಿಷಿನಲ್ಲೇ ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಪಿಳ್ಳಮ್ಮನಿಗೂ ತಿಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಕನ್ನಡದಲ್ಲಿ ಹೇಳಿದ.

"ಶುಗರ್ ಭಾರೀ ಇಳಿದೈತಿ ಅಂಕಲ್. ಮೂರು ತಿಂಗಳ ಸರಾಸರಿ ಲೆಕ್ಕ ಎಂಟರ ಮ್ಯಾಲಿತ್ತು, ಈಗ ಆರೂವರಿ. ಆದ್ರ ಕೊಬ್ಬು ಜಾಸ್ತಿ ಆಗೈತಿ. ಟ್ರೈಗ್ಲಿಸರೈಡ್ ನಾನೂರು ದಾಟೈತಿ. ಕೆಟ್ಟ ಕೊಬ್ಬು ಹೆಚ್ಚೈತಿ, ಒಳ್ಳೇ ಕೊಬ್ಬು ಕಡಿಮಿ ಐತಿ. ಡಾಕ್ಟರ್‌ನ ನೋಡ್ರಿ. ಇದು ವಂಶದಾಗೂ ಬರ್ತೈತಿ, ಹಾರ್ಟಿಗೆ ಒಳ್ಳೇದಲ್ಲ."

ಹಾರ್ಟು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಪಿಳ್ಳಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಬೀದಿ ಬಾಗಿಲಿಗೆ ಬಂದಳು. ಎದುರು ಮನೆಯ ಮರಿಯಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ನಮ್ಮ ಯಜಮಾನ್ರಿಗೆ ಕೊಬ್ಬು ಜಾಸ್ತಿ ಆಗೈತಂತೆ ಕಣಕ್ಕ!"

"ಆಗ್ದೇ ಏನು? ನಾಲ್ಕು ಮಹಡಿ ಬಾಡಿಗೆ ಬರ್ತದೆ" ಎಂದಳು ಮರಿಯಮ್ಮ. ಆಮೇಲೆ ತಲೆಯೆತ್ತಿ, "ಯಾರು ಅಂಗಂದೋರು?"

"ಲ್ಯಾಬ್ನೋರು."

"ಅಯ್ಯೋ ಶಿವನೇ! ಅವ್ರಿಗೂ ಗೊತ್ತಾಗೋಯ್ತಾ?"

ಮರಿಯಮ್ಮನ ಮಗಳನ್ನು ಕೊಟ್ಟಿರುವುದು ಬೊಮ್ಮನಹಳ್ಳಿಗೆ, ಅದೂ ಅಶ್ವತ್ಥಮ್ಮನ ಬೀದಿಗೇ. ಸಿಲ್ಕ್ ಬೋರ್ಡ್ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಬಸ್ಸಿನಲ್ಲಿ ಕೂತವರಿಗೆ ಜೀವ ಸಾಕಾಗುತ್ತದೆ. ಈ ಸುದ್ದಿಗೆ ಟ್ರಾಫಿಕ್ಕೇ ಸಿಗಲಿಲ್ಲ. ಸೊಪ್ಪು ಬೇಯುವುದರೊಳಗೆ ಅಶ್ವತ್ಥಮ್ಮನ ಕಿವಿ ಮುಟ್ಟಿತು: ನಂಜಪ್ಪನಿಗೆ ಕೊಬ್ಬು ಜಾಸ್ತಿಯಾಗಿದೆ ಅಂತ ಕಟ್ಟಿಕೊಂಡವಳೇ ಬೀದಿಯಲ್ಲಿ ನಿಂತು ಅಳುತ್ತಿದ್ದಾಳೆ.

"ನಂಗೊಬ್ಳಿಗೇ ಅಂಗನ್ನಿಸ್ತೇನೋ ಅಂದ್ಕೊಂಡಿದ್ದೆ" ಎಂದು ಅಶ್ವತ್ಥಮ್ಮ ನಿಟ್ಟುಸಿರು ಬಿಟ್ಟಳು. "ಸಾಕಿದ ಕೈನ ಹಿಟ್ಟನ್ನೇ ತಳ್ಳಿದೋನು, ಹೆಂಡ್ತೀನ ಬಿಡ್ತಾನಾ? ಯಮುನನ ವೀಳ್ಯಶಾಸ್ತ್ರಕ್ಕೆ ನಾನು ಕಾಲಿಡಲ್ಲ."

ಇದು ಹುಡುಗಾಟದ ಮಾತಲ್ಲ. ಯಮುನಾಳಿಗೆ ಹೊಸಕೋಟೆ ಕಡೆಯ ಗಂಡು ಗೊತ್ತಾಗಿ, ವೈಶಾಖದಲ್ಲಿ ವೀಳ್ಯಶಾಸ್ತ್ರಕ್ಕೆ ದಿನ ಇಟ್ಟಿದ್ದರು. ಆ ಮನೆತನದಲ್ಲಿ ಹೆಣ್ಣಿನ ಮಡಿಲಿಗೆ ಮೊದಲ ವೀಳ್ಯ ಹಾಕಬೇಕಾದವಳು ಸೋದರತ್ತೆ. ಸೋದರತ್ತೆ ಮುನಿಸಿಕೊಂಡು ಕೂತರೆ ಬೀಗರು ನೂರು ಮಾತು ಕೇಳುತ್ತಾರೆ. ಕೂಡಿದ ಸಂಬಂಧ ಮುರಿದುಬಿದ್ದರೂ ಬಿತ್ತೇ.

ಮಾರನೆಯ ದಿನ ಇದ್ಯಾವುದೂ ಗೊತ್ತಿಲ್ಲದ ನಂಜಪ್ಪ, ಬದುಕಿನ ಕೊನೆಯ ಫೋನು ಮಾಡುವವನ ದನಿಯಲ್ಲಿ ಅಕ್ಕನಿಗೆ ಫೋನು ಮಾಡಿದ.

"ಅಕ್ಕ... ನಂಗೆ ಕೊಬ್ಬು ಜಾಸ್ತಿ ಆಗೈತೆ ಅಕ್ಕ."

"ಗೊತ್ತು. ಬಾಯ್ಬಿಟ್ಟು ಒಪ್ಕೊಂಡ್ಯಲ್ಲ, ಅಷ್ಟೇ ದೊಡ್ಡದು."

"ಇಳಿಸ್ಬೇಕಂತೆ."

"ಇಳಿಸ್ಲೇಬೇಕು. ಭಾನ್ವಾರ ಬಾ, ನಾನೇ ಇಳಿಸ್ತೀನಿ. ನರಸಪ್ಪ ದೊಡ್ಡಪ್ಪನ್ನೂ ಕರೆಸ್ತೀನಿ. ಅಲ್ಲೀ ತಂಕ ಯಮುನನ ವೀಳ್ಯದ ಮಾತು ನನ್ತಾವ ಎತ್ಬೇಡ."

ಫೋನು ಇಟ್ಟ ನಂಜಪ್ಪನ ಕಣ್ಣು ಒದ್ದೆಯಾಯಿತು. "ನೋಡಿದ್ಯಾ ಪಿಳ್ಳಿ? ನನ್ ಆರೋಗ್ಯದ ಯೋಚ್ನೇಲಿ ಅಕ್ಕಂಗೆ ಶುಭಕಾರ್ಯದ ಮಾತೂ ಬ್ಯಾಡವಾಗೈತೆ" ಎಂದ. ನರಸಪ್ಪನವರ ಹೆಸರು ಕೇಳಿ ಇನ್ನೂ ಧೈರ್ಯ ಬಂತು. ನರಸಪ್ಪನವರು ಆ ಸೀಮೆಯ ನೆಂಟರಲ್ಲೆಲ್ಲ ಎರಡು ಕೆಲಸಕ್ಕೆ ಹೆಸರಾದ ಹಿರಿಯರು: ಕಾಮಾಲೆಗೆ ಸೊಪ್ಪಿನ ರಸ ಕೊಡುವುದು, ದಾಯಾದಿಗಳ ಜಗಳಕ್ಕೆ ನ್ಯಾಯ ಹೇಳುವುದು. ಅಶ್ವತ್ಥಮ್ಮ ಎರಡನೆಯದಕ್ಕೆ ಕರೆಸಿದ್ದಳು. ನಂಜಪ್ಪ ಮೊದಲನೆಯದು ಅಂದುಕೊಂಡ. ನಾಟಿ ಮದ್ದು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಅಂತ ಭಾನುವಾರ ಕಾಫಿಯನ್ನೂ ಕುಡಿಯದೆ, ಕಷಾಯ ತುಂಬಿಸಿಕೊಳ್ಳಲು ಒಂದು ಖಾಲಿ ಬಾಟಲಿ ಹಿಡಿದುಕೊಂಡು ಹೊರಟ.

ಅಕ್ಕನ ಮನೆಯ ಹಜಾರದಲ್ಲಿ ಏಳೆಂಟು ನೆಂಟರು ಗೋಡೆಗೊರಗಿ ಕೂತಿದ್ದರು. ತನ್ನನ್ನು ನೋಡಲು ಇಷ್ಟು ಜನ ಬಂದಿದ್ದಾರಲ್ಲ ಅಂತ ನಂಜಪ್ಪ ಒಬ್ಬೊಬ್ಬರ ಮುಂದೆಯೂ ನಿಂತು ತಲೆಬಾಗಿದ. ಅಶ್ವತ್ಥಮ್ಮ ಅಡುಗೆಮನೆಯ ಬಾಗಿಲಲ್ಲಿ ತೊಳ್ಸುಕೋಲು ಹಿಡಿದು ನಿಂತಿದ್ದಳು. ಮುದ್ದೆ ತಿರುವುವ ಆ ಕೋಲನ್ನು ಅವಳು ಯಾಕೆ ಹೊರಗೆ ತಂದಿದ್ದಳೋ ಅವಳೇ ಬಲ್ಲಳು. ನರಸಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹೇಳಪ್ಪ. ಈ ಕೊಬ್ಬು ಯಾವಾಗಿಂದ?"

"ಸಂಕ್ರಾಂತಿಯಿಂದ ಇರ್ಬೇಕು ದೊಡ್ಡಪ್ಪ. ನಂಗೇ ಗೊತ್ತಾಗ್ಲಿಲ್ಲ."

"ಗೊತ್ತಾಗಲ್ಲ. ಇರೋನಿಗೆ ಗೊತ್ತಾಗಲ್ಲ, ಸುತ್ತಲಿರೋರಿಗೆ ಗೊತ್ತಾಗ್ತದೆ."

"ಔದು ದೊಡ್ಡಪ್ಪ, ಒಳಗೊಳಗೇ ಬೆಳೀತದಂತೆ."

ಗೋಡೆಗೊರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಪ್ರಾಮಾಣಿಕವಾಗಿ ತಪ್ಪು ಒಪ್ಪಿಕೊಂಡ ಗಂಡಸನ್ನು ಅವರು ಯಾವ ನ್ಯಾಯದಲ್ಲೂ ಕಂಡಿರಲಿಲ್ಲ.

"ಕಾರಣ ಏನು ಅಂತೀಯಾ?"

"ತುಪ್ಪ, ಬೆಣ್ಣೆ, ಬಾಡು. ತಿಂದಿದ್ದು ಜಾಸ್ತಿ ಆಯ್ತು."

"ನೋಡ್ರಪ್ಪ, ತಿಂದಿದ್ದು ಜಾಸ್ತಿ ಆಗಿ ಬಂದ ಕೊಬ್ಬು ಅಂತ ಅವನೇ ಹೇಳ್ತಾವ್ನೆ! ಈಗೇನು ಮಾಡ್ಬೇಕು ಅಂತೀಯಾ ಮಗಾ?"

"ಇಳಿಸ್ಕೊಬೇಕು ದೊಡ್ಡಪ್ಪ. ನೀವು ಏನು ಕೊಟ್ರೂ ತಗೊಂತೀನಿ." ನಂಜಪ್ಪ ಕೈ ಮುಗಿದ.

ಅಶ್ವತ್ಥಮ್ಮನ ಕೋಲು ಮೆಲ್ಲಗೆ ಕೆಳಗಿಳಿಯಿತು. ಎಷ್ಟಾದರೂ ಕಂಕುಳಲ್ಲಿ ಬೆಳೆದ ಕೂಸು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ನ್ಯಾಯ ಅಲ್ಲಿಗೇ ಮುಗಿದು ಬಾಡೂಟವಾಗುತ್ತಿತ್ತು. ಆದರೆ ನಂಜಪ್ಪನಿಗೆ ತಿಳಿದದ್ದನ್ನೆಲ್ಲ ಹೇಳಿಬಿಡುವ ಚಟ.

"ಆದ್ರೆ ದೊಡ್ಡಪ್ಪ, ಇದು ನನ್ನೊಬ್ಬಂದೇ ಅಲ್ಲ. ವಂಶದಲ್ಲೇ ಬರ್ತದಂತೆ. ನಮ್ಮಪ್ಪಂಗೂ ಕೊಬ್ಬಿತ್ತು ಅಂತ ಕಾಣ್ತದೆ, ಅದಕ್ಕೇ ಅಂಗೆ ಇದ್ದಕ್ಕಿದ್ದಂಗೆ ಹೋದ್ರು. ಅಕ್ಕ, ನಿಂಗೂ ಇರ್ತದೆ. ಹೆಂಗಸ್ರಿಗೆ ವಯಸ್ಸಾದ್ಮೇಲೆ ಜಾಸ್ತೀನೇ ಆಗ್ತದಂತೆ. ಒಂದ್ಸಲ ಅಳತೆ ಮಾಡ್ಸಿ ನೋಡು."

ಹಜಾರ ಹೊತ್ತಿಕೊಂಡಿತು.

"ಏನಂದೆ? ಸತ್ತು ಸ್ವರ್ಗದಾಗಿರೋ ಅಪ್ಪಂಗೆ ಕೊಬ್ಬು ಅಂತೀಯೇನ್ಲಾ? ನಂಗೆ ಕೊಬ್ಬಾ? ಅಳತೆ ಮಾಡಿಸ್ಬೇಕಾ?" ಅಶ್ವತ್ಥಮ್ಮನ ಕೋಲು ಮತ್ತೆ ಮೇಲೆದ್ದಿತು. ನರಸಪ್ಪನವರು ಎದ್ದು ನಿಂತು ಟವೆಲ್ ಝಾಡಿಸಿದರು. "ಇಳಿಯೋ ಜಾತಿ ಕೊಬ್ಬಲ್ಲ ಇದು! ಇವನ ಮಗಳ ವೀಳ್ಯಕ್ಕೆ ಅಶ್ವತ್ಥಮ್ಮನೂ ಹೋಗಾದು ಬ್ಯಾಡ, ನಮ್ ಕಡೆಯೋರು ಯಾರೂ ಹೋಗಾದು ಬ್ಯಾಡ. ಏಳ್ರಪ್ಪ!"

ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ನಂಜಪ್ಪ ಮಾತ್ರ ಕೂತಲ್ಲೇ ಬಾಟಲಿ ಚಾಚಿದ.

"ದೊಡ್ಡಪ್ಪ, ಮದ್ದು ಕೊಡದೇ ಒಂಟೋಗ್ತೀರಾ?"

"ಯಾವ್ ಮದ್ದು?"

"ಕೊಬ್ಬಿಗೆ. ಬರಿಹೊಟ್ಟೇಲಿ ಬಂದಿವ್ನಿ." ಅವನು ಬಾಟಲಿಯ ಮುಚ್ಚಳ ತೆಗೆದ. "ರಕ್ತದಾಗೆ ಕೊಬ್ಬು ನಾನೂರು ದಾಟೈತಂತೆ. ಯಾವತ್ತಾದ್ರೂ ಎದೆ ನಿಂತೋಗ್ಬೋದು. ನೀವೂ ಕೈ ಬಿಟ್ರೆ ನಾನೆಲ್ಲಿಗೋಗ್ಲಿ? ಅಕ್ಕ, ನಿಂಗೆ ಏನು ಕ್ವಾಪ ಬಂತೋ ನಂಗೊತ್ತಿಲ್ಲ. ಯಮುನನ ವೀಳ್ಯ ನೋಡಕ್ಕೆ ನಾನಿರ್ತೀನೋ ಇಲ್ವೋ, ಇಲ್ದಿದ್ರೆ ನೀನೇ ನಿಂತು ನಡ್ಸಿಬಿಡು."

ಅವನು ಫೋನು ತೆಗೆದು ಕೆಂಪು ಅಕ್ಷರಗಳನ್ನು ತೋರಿಸಿದ. ಅಶ್ವತ್ಥಮ್ಮನಿಗೆ ಓದು ಬಾರದು. ಆದರೆ ಕೆಂಪು ಬಣ್ಣ ಗೊತ್ತಾಯಿತು, ತಮ್ಮನ ಮುಖವೂ ಗೊತ್ತಾಯಿತು.

"ರಕ್ತದಾಗಿನ ಕೊಬ್ಬಾ? ಕಾಯ್ಲೆ ಕೊಬ್ಬಾ?"

"ಇನ್ಯಾವ್ ಕೊಬ್ಬಕ್ಕ?"

ಕೋಲು ಕೈಜಾರಿ ಬಿತ್ತು. "ಥೂ ನಿನ್ನ! ಕಾಯ್ಲೆ ಅಂತ ಬಾಯ್ಬಿಟ್ಟು ಹೇಳಕ್ಕೆ ನಿಂಗೇನ್ಲಾ ರೋಗ?" ಎಂದು ಅಶ್ವತ್ಥಮ್ಮ ಅವನ ತಲೆಯ ಮೇಲೆ ಒಂದು ಮೊಟಕಿದಳು. ಆಮೇಲೆ ಅದೇ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು ಗೊಳೋ ಎಂದು ಅತ್ತಳು. ನಂಜಪ್ಪನೂ ಅತ್ತ. ಯಾಕೆ ಮೊಟಕಿದಳು, ಯಾಕೆ ಅಳುತ್ತಿದ್ದಾಳೆ ಎರಡೂ ಅವನಿಗೆ ಆಗ ತಿಳಿಯಲಿಲ್ಲ, ಆದರೆ ಅಕ್ಕ ಅತ್ತರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ನರಸಪ್ಪನವರು ಮೆಲ್ಲಗೆ ಮತ್ತೆ ಕೂತುಕೊಂಡು, "ನಾನು ಮೊದ್ಲಿಂದ ಅದೇ ಹೇಳ್ತಾ ಇದ್ದೆ, ಇದು ಒಳಗಿನ ಕೊಬ್ಬು ಅಂತ" ಎಂದರು.

ಬೀದಿಯ ಕೊನೆಯಲ್ಲಿ ಡಾಕ್ಟರ್ ಉಮಾಶ್ರೀ ಅವರ ಕ್ಲಿನಿಕ್ಕು. ಭಾನುವಾರವೂ ಮಧ್ಯಾಹ್ನದ ತನಕ ತೆರೆದಿರುತ್ತದೆ. ಅಶ್ವತ್ಥಮ್ಮ ತಮ್ಮನ ರೆಟ್ಟೆ ಹಿಡಿದು, ಸಾಲಿನಲ್ಲಿದ್ದವರನ್ನೆಲ್ಲ ದಾಟಿಸಿ ಒಳಗೆ ಕೂರಿಸಿದಳು. ಡಾಕ್ಟರ್ ರಿಪೋರ್ಟು ನೋಡಿದರು, ಬಿ.ಪಿ. ನೋಡಿದರು.

"ಶುಗರ್ ಚೆನ್ನಾಗಿ ಇಳಿದಿದೆ. ಅಂಗಡಿ ತಿಂಡಿ, ಸಿಹಿ ಎಲ್ಲ ಬಿಟ್ಟಿರ್ಬೇಕು ನೀವು, ಒಳ್ಳೇದು. ಈ ಟ್ರೈಗ್ಲಿಸರೈಡ್ ಯಾಕೆ ಹಿಂಗಿದೆ? ಉಪವಾಸದಲ್ಲೇ ರಕ್ತ ಕೊಟ್ಟಿದ್ರಿ ತಾನೆ?"

"ಕಟ್ಟುನಿಟ್ಟು ಉಪವಾಸ ಮೇಡಂ."

"ಬೆಳಿಗ್ಗೆ ಏನೂ ತಗೊಂಡಿರ್ಲಿಲ್ವಾ?"

"ಏನೂ ಇಲ್ಲ. ಒಂದ್ ಲೋಟ ತುಪ್ಪದ ಕಾಫಿ, ಬೆಣ್ಣೇಲಿ ಹುರಿದ ನಾಲ್ಕು ಮೊಟ್ಟೆ. ಅಷ್ಟೇ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಉಪವಾಸಾನಾ?"

"ಮತ್ತಿನ್ನೇನು?" ಅಶ್ವತ್ಥಮ್ಮ ತಮ್ಮನ ಪರ ಎದ್ದು ನಿಂತಳು. "ಅನ್ನ ಮುಟ್ಟಿಲ್ಲ, ಹಿಟ್ಟು ಮುಟ್ಟಿಲ್ಲ. ಸಾಸ್ತ್ರವಾಗೇ ಮಾಡವ್ನೆ. ನಮ್ಮನೇಲಿ ಉಪವಾಸ ಅಂದ್ರೆ ಅದೇ. ನಿಮ್ ಲ್ಯಾಬೇ ಸರಿಯಿಲ್ಲ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ತುಪ್ಪ ಕುಡಿದು ರಕ್ತ ಕೊಟ್ಟರೆ ಆ ತುಪ್ಪವೇ ರಕ್ತದಲ್ಲಿ ತೇಲುತ್ತದೆ, ನಾನೂರು ಅನ್ನುವುದನ್ನು ನಂಬುವ ಹಾಗಿಲ್ಲ ಎಂದು ವಿವರಿಸಿದರು. ವಾರ ಬಿಟ್ಟು ಮತ್ತೆ ಕೊಡಿ, ಹಿಂದಿನ ರಾತ್ರಿ ಬೇಗ ಉಂಡು ಬೆಳಗಿನ ತನಕ ಬರೀ ನೀರು ಕುಡಿಯಿರಿ ಅಂದರು. ನಂಜಪ್ಪ ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ಅಂತ ಅಶ್ವತ್ಥಮ್ಮ ಪರೀಕ್ಷೆಯ ಹಿಂದಿನ ರಾತ್ರಿ ದೊಡ್ಡನೆಕ್ಕುಂದಿಗೇ ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಸಿಗೆ ಹಾಸಿಕೊಂಡು ಮಲಗಿದಳು.

ಎರಡನೇ ರಿಪೋರ್ಟಿನಲ್ಲಿ ನಾನೂರು ಇಳಿದು ಇನ್ನೂರರ ಒಳಗೆ ಬಂದಿತ್ತು. ಆದರೆ ಕೆಟ್ಟ ಕೊಬ್ಬು ಹಾಗೇ ಎತ್ತರದಲ್ಲಿತ್ತು. ಅದು ಲ್ಯಾಬಿನ ಮೋಸವೂ ಅಲ್ಲ, ಉಪವಾಸದ ದೋಷವೂ ಅಲ್ಲ. "ಮುದ್ದೆ ಬಿಟ್ಟಿದ್ದಕ್ಕೆ ಶುಗರ್ ಇಳೀತು ಸರಿ. ಆ ಜಾಗಕ್ಕೆ ತುಪ್ಪ, ಬೆಣ್ಣೆ ಸುರಿದಿದ್ದಕ್ಕೆ ಇದು ಏರಿದೆ" ಎಂದರು ಡಾಕ್ಟರ್. "ಒಂದು ಮಾತ್ರೆ ಬರೀತೀನಿ. ತುಪ್ಪದ ಕಾಫಿ ನಿಲ್ಲಿಸಿ. ಮಟನ್ ಹಬ್ಬಕ್ಕಿರ್ಲಿ. ಕಾಳು, ಸೊಪ್ಪು ಜಾಸ್ತಿ ತಿನ್ನಿ, ಜೊತೆಗೆ ಸಣ್ಣದೊಂದು ಮುದ್ದೆ ಉಣ್ಣಬಹುದು."

"ಸಣ್ಣದು ಅಂದ್ರೆ ಎಷ್ಟು?" ಅಶ್ವತ್ಥಮ್ಮ ಕುರ್ಚಿ ಮುಂದಕ್ಕೆಳೆದುಕೊಂಡಳು.

"ನಿಂಬೆಹಣ್ಣಿನಷ್ಟು."

"ಅದು ಹಿಟ್ಟಲ್ಲ ಡಾಕ್ಟ್ರಮ್ಮ, ಮಾತ್ರೆ. ತೆಂಗಿನಕಾಯಿ ಗಾತ್ರ ಮಾಡಿ."

ವ್ಯವಹಾರ ಬಹಳ ಹೊತ್ತು ನಡೆದು ಮೋಸಂಬಿಗೆ ಕುದುರಿತು.

ವೈಶಾಖದಲ್ಲಿ ಮಹದೇವಪುರದ ಛತ್ರದಲ್ಲಿ ವೀಳ್ಯಶಾಸ್ತ್ರ. ಅಶ್ವತ್ಥಮ್ಮ ರೇಷ್ಮೆ ಸೀರೆಯುಟ್ಟು ಎಲ್ಲರಿಗಿಂತ ಮುಂಚೆ ಬಂದಿದ್ದಳು. ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ಆದರೆ ಬಾಯಿಂದ ಬಾಯಿಗೆ ಹೋದ ಸುದ್ದಿಯನ್ನು ವಾಪಸು ಕರೆಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಅದು ಹೊಸಕೋಟೆಯ ತನಕ ಹೋಗಿತ್ತು. ಅಶ್ವತ್ಥಮ್ಮ ವೀಳ್ಯದ ತಟ್ಟೆ ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ, ಗಂಡಿನ ದೊಡ್ಡಪ್ಪ ಮೀಸೆ ಸವರಿಕೊಂಡು, ಇಡೀ ಛತ್ರಕ್ಕೆ ಕೇಳುವ ಹಾಗೆ ಒಂದು ಮಾತು ತೇಲಿಬಿಟ್ಟರು.

"ಸಾಸ್ತ್ರಕ್ಕೆ ಮುಂಚೆ ಒಂದು ಮಾತು ತಿಳ್ಕೊಂಬಿಡ್ತೀವಿ. ಹೆಣ್ಣಿನ ತಂದೆಗೆ ಕೊಬ್ಬು ಜಾಸ್ತಿ ಅಂತ ಊರೆಲ್ಲ ಅಂತಾರಲ್ಲ?"

ಪಿಳ್ಳಮ್ಮ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. ಯಮುನಾ ತಲೆ ತಗ್ಗಿಸಿದಳು. ನಂಜಪ್ಪ ಉತ್ತರ ಕೊಡಲು ಬಾಯಿ ತೆರೆದ. ಅವನ ಅದೃಷ್ಟಕ್ಕೆ ಅಶ್ವತ್ಥಮ್ಮ ಅವನಿಗಿಂತ ಮೊದಲೇ ತಿರುಗಿದ್ದಳು.

"ಔದು, ಐತೆ. ನನ್ ತಮ್ಮಂಗೆ ಕೊಬ್ಬು ಐತೆ. ಎರಡು ಸಲ ಸೂಜಿ ಚುಚ್ಚಿ ಅಳತೆ ಮಾಡಿ, ಇಷ್ಟೇ ಇರಾದು ಅಂತ ಡಾಕ್ಟ್ರು ಬರೆದುಕೊಟ್ಟವ್ರೆ. ನಿಮ್ದು ಎಷ್ಟೈತೆ ಅಂತ ಇಲ್ಲೀ ತಂಕ ಯಾರಾದ್ರೂ ಅಳೆದವ್ರಾ, ಬೀಗರೇ?"

ಗಂಡಿನ ದೊಡ್ಡಪ್ಪನ ಕೈ ಮೀಸೆಯಿಂದ ಇಳಿದು ಮಡಿಲಲ್ಲಿ ಕೂತಿತು. ಅಶ್ವತ್ಥಮ್ಮ ಸೆರಗು ಸರಿಮಾಡಿಕೊಂಡು, ಯಮುನಾಳ ಗಲ್ಲ ಹಿಡಿದೆತ್ತಿ, ಅವಳ ಮಡಿಲಿಗೆ ಮೊದಲ ವೀಳ್ಯ ಹಾಕಿದಳು.